ಪದ್ಮಕ್ಕನವರ ಮನೆಯಲ್ಲಿ ಪ್ಲೇಟು ತೊಳೆದ ದಿನ

ಸಾವಿರದ ಒಂಬೈನೂರ ಅರವತ್ತೊಂದು, ಮಾಘ ಮಾಸದ ಒಂದು ಭಾನುವಾರ, ಬೆಳಿಗ್ಗೆ ಆರೂವರೆ ಗಂಟೆ. ಸ್ಥಳ, ಚನ್ನರಾಯಪಟ್ಟಣದಲ್ಲಿ ಪದ್ಮಕ್ಕನವರ ಮನೆಯ ಹಿಂದಿನ ಜಗಲಿ. ಹಾಜರಿದ್ದವರು ಮನೆಯ ಯಜಮಾನಿ ಪದ್ಮಕ್ಕ, ಅವರ ಒಬ್ಬನೇ ಮಗ ಧರಣೇಂದ್ರ, ಮುಂದಿನ ಕೋಣೆಯಲ್ಲಿ ಬಾಡಿಗೆಗಿದ್ದ ನಾನು, ಮತ್ತು ಲೆಕ್ಕಕ್ಕೆ ಸಿಗದಷ್ಟು ಇರುವೆಗಳು.

ಹರಟೆಗೂ ಹಾಜರಿ ಹಾಕುತ್ತಾಳಲ್ಲ ಎಂದು ನಿಮಗೆ ನಗು ಬರಬಹುದು. ವರ್ಷಾನುಗಟ್ಟಲೆ ಹುಡುಗಿಯರ ಶಾಲೆಯಲ್ಲಿ ಮೇಷ್ಟರಿಕೆ ಮಾಡಿದವಳು ನಾನು. ಹೊತ್ತು ಗೊತ್ತು ಬರೆಯದೆ ಕೈ ಮುಂದಕ್ಕೆ ಓಡುವುದಿಲ್ಲ. ಈಗ ಇದನ್ನು ಬರೆಯಲು ಕಾರಣ ನನ್ನ ಸೊಸೆ. ಮೊನ್ನೆ ಊಟದ ತಟ್ಟೆ ಒರೆಸುತ್ತಿದ್ದೆ. "ಅತ್ತೆ, ನೀವು ತಟ್ಟೇನ ಯಾವಾಗ್ಲೂ ಸುತ್ತಾ ಸುತ್ತಾನೇ ಒರೆಸ್ತೀರಲ್ಲ, ಅಡ್ಡ ಒರೆಸಿದ್ರೆ ಏನಾಗತ್ತೆ?" ಎಂದಳು. ಏನೂ ಆಗುವುದಿಲ್ಲ. ಆದರೂ ನನ್ನ ಕೈ ಅಡ್ಡ ಹೋಗುವುದಿಲ್ಲ. ಅದಕ್ಕೆ ಉತ್ತರ ಹೇಳಬೇಕಾದರೆ ಪದ್ಮಕ್ಕನವರ ಜಗಲಿಗೆ ಹೋಗಬೇಕು.

ಪದ್ಮಕ್ಕ ಜೈನರು. ಗಂಡ ಬಹಳ ಹಿಂದೆಯೇ ತೀರಿಕೊಂಡಿದ್ದರು. ಒಂದಿಷ್ಟು ಗದ್ದೆ, ಒಂದು ಹಸು, ಕೆರೆಯ ಕಡೆಗೆ ಹಿತ್ತಲು ತೆರೆದುಕೊಂಡ ಈ ಮನೆ, ಮತ್ತು ಮಗ. ಮಗನನ್ನು ಊರಿನವರೆಲ್ಲ ಧರಣಿ ಎಂದೇ ಕರೆಯುತ್ತಿದ್ದರು. ಎಸ್ಸೆಸ್ಸೆಲ್ಸಿ ಮುಗಿಸಿ ಒಂದೆರಡು ಕಡೆ ಗುಮಾಸ್ತಿಕೆ ಮಾಡಿ ಬಿಟ್ಟಿದ್ದ. ಕೊನೆಗೆ ಅವನ ಮನಸ್ಸು ನಿಂತದ್ದು ಮೈಕ್ ಸೆಟ್ಟಿನ ಮೇಲೆ. ಮದುವೆ ಮನೆಗೆ ಹೋಗಿ, ಮರಕ್ಕೆ ಕಹಳೆಯಂಥ ಸ್ಪೀಕರು ಕಟ್ಟಿ, ಗ್ರಾಮಫೋನಿನಲ್ಲಿ ಹಾಡು ಹಾಕುವ ಕೆಲಸ. ಹಾಸನದಲ್ಲಿ ಒಬ್ಬರು ಅದನ್ನು ಮಾಡುತ್ತಿದ್ದರು, ಚನ್ನರಾಯಪಟ್ಟಣದಲ್ಲಿ ಯಾರೂ ಇರಲಿಲ್ಲ. ಪದ್ಮಕ್ಕನವರ ಅಣ್ಣನಿಗೆ ಅರಕಲಗೂಡಿನಲ್ಲಿ ಹಿತ್ತಾಳೆ ಪಾತ್ರೆಯ ಅಂಗಡಿ ಇತ್ತು. ಸೋದರಳಿಯ ಗಲ್ಲಾದ ಮುಂದೆ ಕೂರಬೇಕೆಂದು ಅವರ ಹಟ. ಕಡೆಗೆ ಒಂದು ಮಾತಿಗೆ ಬಂದಿದ್ದರು. "ಮೊದಲ್ನೇ ಮದ್ವೆ ಗೆದ್ದು ಬಾ. ಜನ ಮೆಚ್ಚಿದ್ರೆ ನಿನ್ ದಾರಿ ನಿಂದು. ಇಲ್ದಿದ್ರೆ ಮಾರ್ನೆ ದಿನ ಬಸ್ಸತ್ಗಂಡು ಅರಕಲಗೂಡಿಗೆ ಬಂದ್ಬುಡು."

ಆ ಮೊದಲನೆಯ ಮದುವೆ ಕೆರೆಯ ಆಚೆ ದಡದಲ್ಲಿ, ನಂಜೇಗೌಡರ ಮಗಳದು. ಆ ಭಾನುವಾರ ಸಂಜೆ ವರಪೂಜೆ. ಗೌಡರು ಖುದ್ದಾಗಿ ಬಂದು ಜಗಲಿಯಲ್ಲಿ ಕೂತು ಹೇಳಿ ಹೋಗಿದ್ದರು: "ನೋಡಪ್ಪಾ ಧರಣಿ, ದೀಪ ಅಚ್ಚೋ ಒತ್ಗೆ ಮೊದ್ಲು ನಾಗಸ್ವರದ ಪ್ಲೇಟು ಆಕ್ಬೇಕು. ಆಮೇಲೆ ಸಿನಿಮಾದೋ ಗಿನಿಮಾದೋ ಆಕ್ಕ. ಆದ್ರೆ ಗರಗರ ಅಂದ್ರೆ ನಾಳೀಕೆ ಮುಗೂರ್ತಕ್ಕೆ ಆಸನದ ಸೆಟ್ಟೇ ಕರುಸ್ತೀನಿ. ಬೇಜಾರ್ ಮಾಡ್ಕಬ್ಯಾಡ."

ಧರಣಿ ಪ್ಲೇಟು ತಂದದ್ದೂ ಹಾಸನದಿಂದಲೇ. ಅಲ್ಲಿ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಕಾಫಿ ಹೋಟೆಲು ರೇಡಿಯೋ ಕೊಂಡು ಗ್ರಾಮಫೋನಿಗೆ ವಿಶ್ರಾಂತಿ ಕೊಟ್ಟಿತ್ತು. ಅವರ ಹಳೆಯ ಪ್ಲೇಟುಗಳನ್ನು ಪೆಟ್ಟಿಗೆ ಸಮೇತ ಇವನು ಹೊತ್ತು ತಂದಿದ್ದ. ಆಗ ರೆಕಾರ್ಡಿಗೆ ನಾವು ಪ್ಲೇಟು ಎಂದೇ ಅನ್ನುತ್ತಿದ್ದೆವು. ಈಗ ಹಳೆಯ ಸಂಗೀತದ ಹುಚ್ಚಿನವರ ಕೈಯಲ್ಲಿ ಕಾಣುವ, ಬಗ್ಗಿಸಿದರೆ ಬಗ್ಗುವ ವಿನೈಲ್ ಅಲ್ಲ. ಅರಗಿನಿಂದ ಮಾಡಿದ, ಕೈಗೆ ಭಾರವಾದ, ಜಾರಿದರೆ ಮಾಡಿನ ಹೆಂಚಿನಂತೆ ಚೂರಾಗುವ ಕರಿ ಬಿಲ್ಲೆಗಳು.

ನನಗೂ ಪ್ಲೇಟಿಗೂ ಇದ್ದ ಹಳೆಯ ಸಂಬಂಧ ಅದರ ಮುಳ್ಳಿನ ಮೂಲಕ. ಹೊಳೆನರಸೀಪುರದಲ್ಲಿ ನಮ್ಮ ಮನೆಯ ಎದುರಿನ ವಕೀಲರು ಗ್ರಾಮಫೋನ್ ಇಟ್ಟಿದ್ದರು. ಹಾಡು ಕೇಳಲು ನಮ್ಮನ್ನು ಒಳಗೆ ಬಿಡುತ್ತಿರಲಿಲ್ಲ. ಆದರೆ ಸವೆದು ಸವೆದು ಮೊಂಡಾದ ಉಕ್ಕಿನ ಮುಳ್ಳುಗಳನ್ನು ಕಿಟಕಿಯಿಂದ ಎಸೆಯುತ್ತಿದ್ದರು. ಹುಡುಗಿಯರು ಅವನ್ನು ಆಯ್ದು ಬೆಂಕಿಪೊಟ್ಟಣದಲ್ಲಿ ಕೂಡಿಡುತ್ತಿದ್ದೆವು. ಹೊಳೆಯ ದಂಡೆಯಲ್ಲಿ ಆಡಿ ಕಾಲಿಗೆ ಜಾಲಿಮುಳ್ಳು ಚುಚ್ಚಿಕೊಂಡವರಿಗೆಲ್ಲ ನಮ್ಮದೇ ಆಸ್ಪತ್ರೆ, ಆ ಉಕ್ಕಿನ ಮುಳ್ಳಿನಿಂದಲೇ ಕೆದಕಿ ತೆಗೆಯುತ್ತಿದ್ದೆವು. ಪ್ಲೇಟಿಗೆ ಮೊಂಡಾದದ್ದು ಅಂಗಾಲಿಗೆ ಮೊಂಡಲ್ಲ. ನನ್ನ ಎಡಗಾಲಿಗೆ ಒಂದು ಸಂಗೀತದ ಗಾಯ ಇನ್ನೂ ಉಂಟು.

ಮುಂದೆ ಹಾಸನದ ಹಾಸ್ಟೆಲಿನಲ್ಲಿ ಬೇರೆಯ ಥರದ ಪ್ಲೇಟು. ಅಲ್ಲಿಯ ಮೇಟ್ರನ್ ಊಟವಾದ ಮೇಲೆ ಸಾಲಾಗಿ ನಿಲ್ಲಿಸಿ ನಾವು ತೊಳೆದ ತಟ್ಟೆಗಳ ಮೇಲೆ ಹೆಬ್ಬೆರಳು ಒತ್ತಿ ಎಳೆಯುತ್ತಿದ್ದರು. ಕಿರ್ರೆಂದರೆ ಪಾಸು. ಜಾರಿದರೆ ಹಿಂದಕ್ಕೆ. ಇವತ್ತಿಗೂ ಯಾರ ಮನೆಗೆ ಹೋದರೂ ನನ್ನ ಹೆಬ್ಬೆರಳು ತಟ್ಟೆಯ ಅಂಚಿನಲ್ಲಿ ಒಮ್ಮೆ ಸಂಚರಿಸಿ ಬರುತ್ತದೆ. ಮನೆಯವರು ನೋಡದ ಹಾಗೆ ಮಾಡುವಷ್ಟು ಸಭ್ಯತೆ ಮಾತ್ರ ಕಲಿತಿದ್ದೇನೆ.

ಇಂಥವಳು ಪ್ಲೇಟು ತೊಳೆಯುವ ಸುದ್ದಿ ಕೇಳಿ ಸುಮ್ಮನಿರುತ್ತೇನೆಯೆ? ಹಿಂದಿನ ದಿನವೇ ಒಂದು ಟೈಂಟೇಬಲ್ ಹಾಕಿಕೊಂಡಿದ್ದೆ. ಏಳಕ್ಕೆ ಪೆಟ್ಟಿಗೆ ಬಿಚ್ಚುವುದು, ಏಳೂವರೆಗೆ ಶುಚಿ, ಒಂಬತ್ತಕ್ಕೆ ಒಣಗಿಸುವುದು, ಹತ್ತಕ್ಕೆ ಮುಕ್ತಾಯ. ಧರಣಿಯೂ ತಯಾರಾಗಿದ್ದ. ಆಸ್ಪತ್ರೆಯ ಕಾಂಪೌಂಡರ್ ಅವನ ಸ್ನೇಹಿತ. ಅವನಿಂದ ಒಂದು ಸೀಸೆ ಸ್ಪಿರಿಟ್ಟು, ಒಂದು ಉಂಡೆ ಹತ್ತಿ ತಂದಿಟ್ಟಿದ್ದ. "ಗಾಯನೇ ತೊಳೀತದೆ, ಗಾಯನ ತೊಳೆಯಕ್ಕಿಲ್ವಾ ಟೀಚರಮ್ಮ?" ಎಂದು ತಾನೇ ಹೇಳಿ ತಾನೇ ನಕ್ಕ.

ಪೆಟ್ಟಿಗೆಯ ಮುಚ್ಚಳ ತೆಗೆದೆವು. ಹೊಗೆ, ಕಾಫಿ, ಕಾಯಿಸಿದ ಎಣ್ಣೆ, ಎಲ್ಲ ಸೇರಿದ ಹೋಟೆಲಿನ ವಾಸನೆ ಜಗಲಿಗೆ ಬಂತು. ಮೊದಲ ಪ್ಲೇಟಿನ ಕಾಗದದ ಕವರು ಅಂಟಂಟು. ಬಾದಾಮಿ ಹಲ್ವ ಕಟ್ಟಿದ ಕೈಯಲ್ಲೇ ಪ್ಲೇಟು ತಿರುವಿ ಹಾಕಿದ್ದರೆಂದು ಕಾಣುತ್ತದೆ. ಕವರನ್ನು ಅಲ್ಲಾಡಿಸಿದ ಕೂಡಲೇ ಸಣ್ಣ ಕರಿ ಇರುವೆಗಳು ಅಂಚಿನ ಮೇಲೆ ಸಾಲಾಗಿ ಬಂದು ಯಾರು ನೀವು ಎಂಬಂತೆ ನಿಂತವು.

ಧರಣಿ ಸ್ಪಿರಿಟ್ಟಿನ ಬಿರಡೆಗೆ ಕೈ ಹಾಕಿದ.

"ತಡಿಯೋ," ಎಂದರು ಪದ್ಮಕ್ಕ. ಹಾಲು ಕರೆದ ಚೊಂಬು ಕೈಯಲ್ಲಿತ್ತು. ಅದನ್ನು ಕೆಳಗಿಟ್ಟು ಬಂದು ಕವರಿನೊಳಗೆ ಇಣುಕಿದರು. "ಇದ್ರಾಗೆ ಸಂಸಾರನೇ ಐತಲ್ಲೋ!"

"ಇರ್ಲಿ ಬಿಡವ್ವ, ಒರೆಸುದ್ರೆ ಓಯ್ತವೆ."

"ಎಲ್ಲಿಗೋಯ್ತವೆ?"

ಧರಣಿ ಬಿರಡೆಯಿಂದ ಕೈ ತೆಗೆದ. ಅದಕ್ಕೆ ಇದ್ದ ಉತ್ತರ ಆ ಮನೆಯಲ್ಲಿ ಬಾಯಿಬಿಟ್ಟು ಹೇಳುವಂಥದ್ದಲ್ಲ. ನೀರು ಕುಡಿಯಬೇಕಾದರೂ ಬಟ್ಟೆಯಲ್ಲಿ ಸೋಸಿ ಕುಡಿಯುವ ಮನೆ ಅದು. ಸೋಸಿದ ಬಟ್ಟೆಯನ್ನು ಮಗುಚಿ, ಮತ್ತೆ ಅದರ ಮೇಲೆ ನೀರು ಹಾಕಿ, ಅದರಲ್ಲಿ ಸಿಕ್ಕ ಕಣ್ಣಿಗೆ ಕಾಣದ ಜೀವಗಳನ್ನು ಅವು ಬಂದ ಬಾವಿಗೇ ಇಳಿಬಿಡುತ್ತಿದ್ದರು. ಹೊತ್ತು ಮುಳುಗುವ ಮೊದಲೇ ಊಟ ಮುಗಿಯಬೇಕು, ಕತ್ತಲಲ್ಲಿ ಕಾಣದೆ ಏನಾದರೂ ತಟ್ಟೆಗೆ ಬಿದ್ದೀತೆಂದು. ಬಾಡಿಗೆಗೆ ಬಂದ ಹೊಸದರಲ್ಲಿ ಇದನ್ನೆಲ್ಲ ಕಂಡು ನನಗೆ ಸೋಜಿಗವಾಗಿತ್ತು. ಆಮೇಲೆ ಇಷ್ಟವಾಯಿತು. ನನ್ನ ಶಿಸ್ತಿಗೆ ಗಡಿಯಾರ ಬೇಕು. ಅವರದಕ್ಕೆ ಬೇಕಿರಲಿಲ್ಲ.

"ಎಲ್ಲಾ ಇಳಿಯೋಗಂಟ ಒಂದ್ ತೊಟ್ಟು ಬೀಳಂಗಿಲ್ಲ," ಎಂದು ತೀರ್ಪಾಯಿತು.

"ಅವ್ವಾ! ಇರುವೆಗೆ ಮುಗೂರ್ತ ಇಲ್ಲ, ಗೌಡ್ರಿಗೈತೆ!"

"ಗೌಡ್ರಿಗೆ ಮದ್ವೆಗಿರೋಳು ಒಬ್ಳೇ ಮಗ್ಳು. ಇದ್ರಾಗೆ ಎಷ್ಟು ಮಕ್ಳು ಮರಿ ಇದಾವೋ, ನೋಡ್ದಾ ನೀನು?"

ಪದ್ಮಕ್ಕ ಒಂದು ಉಂಡೆ ಬೆಲ್ಲ ತಂದರು. ಜಗಲಿಯ ಗೋಡೆಗೆ ಕವರುಗಳನ್ನೆಲ್ಲ ಬಾಯಿ ಕೆಳಗಾಗಿ ಓರೆಯಾಗಿ ನಿಲ್ಲಿಸಿದರು. ಅಲ್ಲಿಂದ ಹಿತ್ತಲಿನ ದಾಸವಾಳದ ಬುಡದವರೆಗೆ ಬೆಲ್ಲದ ಪುಡಿಯನ್ನು ರಂಗೋಲಿಯ ಎಳೆಯಂತೆ ಬಿಟ್ಟುಕೊಂಡು ಹೋದರು. ಬುಡದಲ್ಲಿ ಉಳಿದ ಉಂಡೆ ಇಟ್ಟರು. ಬಂದು ಕೂತರು. ನಾವೂ ಕೂತೆವು.

ಇರುವೆಗಳಿಗೆ ನನ್ನ ಟೈಂಟೇಬಲ್ ಗೊತ್ತಿರಲಿಲ್ಲ. ಒಂದು ಬರುತ್ತದೆ, ಬೆಲ್ಲ ಮೂಸುತ್ತದೆ, ಸುದ್ದಿ ಹೇಳಲು ಒಳಗೆ ಹೋಗುತ್ತದೆ. ಒಳಗೆ ಏನು ಸಭೆ ನಡೆಯುತ್ತದೋ, ಬಹಳ ಹೊತ್ತು ಯಾರೂ ಬರುವುದಿಲ್ಲ. ಏಳೂವರೆಯಾಯಿತು, ಒಂಬತ್ತಾಯಿತು. ಪದ್ಮಕ್ಕ ಹಳೆಯ ನೂಲಿನ ಕುಚ್ಚೊಂದನ್ನು ಹಿಡಿದು, ಹಿಂದೆ ಬಿದ್ದ ಒಂದೊಂದನ್ನು ಬೆನ್ನು ತಾಗದಂತೆ ಮುಂದಕ್ಕೆ ತಳ್ಳುತ್ತಿದ್ದರು. "ಓಗ್ರಮ್ಮ, ಓಗ್ರಿ. ಅಲ್ಲಿ ಚೆನ್ನಾಗೈತೆ," ಎಂದು ತವರಿನಿಂದ ಗಂಡನ ಮನೆಗೆ ಕಳಿಸುವವರ ದನಿಯಲ್ಲಿ ಹೇಳುತ್ತಿದ್ದರು.

ಹಾಗೆ ಖಾಲಿಯಾದ ಮೊದಲ ಕೆಲವು ಪ್ಲೇಟುಗಳಲ್ಲಿ ಒಂದು ಹಾಸ್ಯದ ಮಾತುಕತೆಯದು. ಪದ್ಮಕ್ಕ ಹಸುವಿಗೆ ಹುಲ್ಲು ಹಾಕಲು ಎದ್ದ ಸಮಯ ನೋಡಿ ಧರಣಿ ಅದನ್ನು ಕಂಬದ ಹಿಂದಕ್ಕೆ ಒಯ್ದು ಸ್ಪಿರಿಟ್ಟಿನಲ್ಲಿ ಒರೆಸತೊಡಗಿದ. ಹತ್ತಿ ಕಪ್ಪಾಯಿತು.

"ಇಲ್ನೋಡಿ ಇಲ್ನೋಡಿ ಟೀಚರಮ್ಮ! ಆಸನದ ಕೊಳೆ ಎಂಗ್ ಬತ್ತೈತೆ!"

ನಾನೂ ಬಗ್ಗಿ ನೋಡಿದೆ. ನಿಜವಾಗಿ ಬಹಳ ಕೊಳೆ. ಹೊಸ ಹತ್ತಿ ತೆಗೆದುಕೊಂಡ. ಅದೂ ಕಪ್ಪು. "ಇನ್ನೊಂದು ಸಲ," ಎಂದೆ ನಾನು, ಮೇಟ್ರನ್ನರ ಶಿಷ್ಯೆ. ಇನ್ನೂ ಕಪ್ಪು. ಇಬ್ಬರಿಗೂ ಉತ್ಸಾಹ ಏರಿತು. ಕೊಳೆ ಬಂದಷ್ಟೂ ಶುಚಿಯಾಗುತ್ತಿದೆ ಎಂಬ ಲೆಕ್ಕದಲ್ಲಿ ಹತ್ತಿಯ ಉಂಡೆ ಅರ್ಧ ಮುಗಿಯಿತು.

ಪದ್ಮಕ್ಕ ಬಂದು ಮೂಗು ಅರಳಿಸಿದರು. "ಏನ್ಲಾ ಇದು, ಆಸ್ಪತ್ರೆ ವಾಸ್ನೆ?"

"ಕೊಳೆ ತೆಗೀತಾ ಇವ್ನಿ ಕಣವ್ವ."

"ಮುಗೀತಾ?"

"ಮುಗೀತಾನೇ ಇಲ್ಲ!"

"ಮುಗೀದಿರೋ ಕೊಳೆ ಎಲ್ಲಾದ್ರೂ ಐತೇನ್ಲಾ?" ಎಂದು ಪ್ಲೇಟನ್ನು ಕೈಗೆ ತೆಗೆದುಕೊಂಡು ಬಿಸಿಲಿಗೆ ಓರೆ ಹಿಡಿದರು. ಅವರ ಹೆಬ್ಬೆರಳು ಅಂಟಿಕೊಂಡಿತು. ಕಿತ್ತಾಗ ಅದರ ಗುರುತು ಪೂರ್ತಿಯಾಗಿ ಪ್ಲೇಟಿನ ಮೇಲೆ ಮೂಡಿತ್ತು. "ಗೆರೆನೇ ಇಲ್ವಲ್ಲೋ ಇದ್ರಾಗೆ," ಎಂದರು.

ನಾವು ಒರೆಸಿ ತೆಗೆದದ್ದು ಕೊಳೆಯಲ್ಲ, ಪ್ಲೇಟನ್ನೇ. ನಮ್ಮ ಶಾಲೆಯ ಬೆಂಚುಗಳಿಗೆ ಮೆರುಗು ಕೊಡಲು ಬಂದ ಬಡಗಿ ಅರಗನ್ನು ಸ್ಪಿರಿಟ್ಟಿನಲ್ಲೇ ಕರಗಿಸುವುದನ್ನು ಕಣ್ಣಾರೆ ಕಂಡವಳು ನಾನು. ಬೆಂಚಿನ ಮೇಲಿನ ಅರಗೂ ಪ್ಲೇಟಿನ ಅರಗೂ ಒಂದೇ ಎಂದು ಆ ಹೊತ್ತಿಗೆ ಹೊಳೆಯಲಿಲ್ಲ. ಯಾರ ಹಾಸ್ಯವೋ ಪಾಪ, ಹತ್ತಿಗೆ ಹತ್ತಿಹೋಗಿತ್ತು.

ಧರಣಿ ಕೈಯಲ್ಲಿದ್ದ ಹತ್ತಿ ಕೆಳಗೆ ಹಾಕಿದ. ಜಗಲಿಯ ಅಂಚಿನಲ್ಲಿ ಕುಕ್ಕರಿಸಿದ. "ಬೆಳಿಗ್ಗೆನೇ ಎಲ್ಲಾನೂ ಒರೆಸ್ಬುಡ್ತಿದ್ದೆ ಕಣವ್ವ. ಇರುವೆ ಇಲ್ದಿದ್ರೆ ನಾಗಸ್ವರನೂ ಒಂಟೋಗ್ತಿತ್ತು."

ನಾಗಸ್ವರದ ಪ್ಲೇಟು ಇನ್ನೂ ಗೋಡೆಗೆ ಒರಗಿತ್ತು. ಹೋಟೆಲಿನವರು ದಿನಾ ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಅದನ್ನು ಹಾಕುತ್ತಿದ್ದರಂತೆ. ಹಾಗಾಗಿ ಎಲ್ಲಕ್ಕಿಂತ ಹೆಚ್ಚು ಕೈ ಬಿದ್ದದ್ದು ಅದಕ್ಕೆ, ಹೆಚ್ಚು ಅಂಟು ಅದರದೇ, ಹೆಚ್ಚು ಇರುವೆ ಅದರಲ್ಲೇ. ಅವುಗಳ ಸಾಲು ಇನ್ನೂ ಹರಿಯುತ್ತಿತ್ತು.

"ಓಗ್ಲಿ ಬಿಡು," ಎಂದರು ಪದ್ಮಕ್ಕ. "ಯಾರೂ ಸಾಯ್ಲಿಲ್ವಲ್ಲ. ಸೀಸೆ ಆಚೆಗಿಕ್ಕು."

ಮುಂದಿನದು ಅವರ ಕೆಲಸವಾಯಿತು. ಪ್ಲೇಟಿನ ವಿಚಾರ ಅವರಿಗೂ ಗೊತ್ತಿರಲಿಲ್ಲ, ಗೊತ್ತಿದೆ ಎಂದು ಹೇಳಲೂ ಇಲ್ಲ. "ನಂಗೇನ್ ತಿಳೀತದೆ. ನನ್ ಧಾರೆ ಸೀರೆ ಒಗ್ಯೋದು ಅಂಟುವಾಳದಾಗೆ. ರೇಷ್ಮೆಗೆ ಆಗೋದು ಇದ್ಕೂ ಆದೀತು. ಮೊದ್ಲು ಬ್ಯಾಡ್ದಿರೋದ್ರ ಮ್ಯಾಲೆ ನೋಡನ," ಎಂದು ಅಂಟುವಾಳದ ಕಾಯಿ ನೆನೆಹಾಕಿದರು. ಬಾವಿಯ ನೀರನ್ನು ಎರಡು ಮಡಿಕೆಯ ಬಟ್ಟೆಯಲ್ಲಿ ಸೋಸಿದರು. ಸೋಸಿದ ಮೇಲೆ ಬಟ್ಟೆ ಮಗುಚಿ ಬಾವಿಗೆ ಮರಳಿಸುವ ಶಾಸ್ತ್ರ, ಪ್ರತಿ ಕೊಡಕ್ಕೂ. ಧರಣಿ ಗೊಣಗಲಿಲ್ಲ. ಬಟ್ಟೆಯ ಮೇಲೆ ಉಳಿದದ್ದನ್ನು ನಾನು ಹತ್ತಿರದಿಂದ ನೋಡಿದೆ. ಜೀವಗಳು ಕಾಣಲಿಲ್ಲ, ಮರಳಿನ ಸಣ್ಣ ಕಣಗಳು ಕಂಡವು. ಅವು ನೀರಿನಲ್ಲೇ ಉಳಿದು ಪ್ಲೇಟಿನ ಮೇಲೆ ಉಜ್ಜಿದ್ದರೆ ಏನಾಗುತ್ತಿತ್ತೆಂದು ಯೋಚಿಸಿ, ಮುಂದಿನ ಕೊಡಕ್ಕೆ ಬಟ್ಟೆಯನ್ನು ನಾನೇ ಹಿಡಿದೆ.

ಪ್ಲೇಟಿನ ನಡುವಿನ ಕಾಗದ ನೆನೆಯದಂತೆ ಅದರ ಮೇಲೊಂದು ಬಟ್ಟಲು ಕವುಚಿ ಅಂಗೈಯಿಂದ ಒತ್ತಿ ಹಿಡಿದುಕೊಳ್ಳುವುದು ಧರಣಿಯ ಉಪಾಯ. ಒರೆಸುವ ಕೆಲಸ ನನ್ನದು. ಕಪ್ಪು ಹಲಗೆ ಒರೆಸಿ ಪಳಗಿದ ಕೈ, ನೇರವಾಗಿ ಅಡ್ಡ ಎಳೆಯಿತು.

"ಅಂಗಲ್ಲ, ಅಂಗಲ್ಲ!" ಪದ್ಮಕ್ಕ ನನ್ನ ಮಣಿಕಟ್ಟು ಹಿಡಿದರು. "ಗೆರೆ ಎಂಗೋಗೈತೋ ಅಂಗೇ ಕೈ ಓಗ್ಬೇಕು ಕಣಮ್ಮ. ರಾಗಿ ಬೀಸಿಲ್ವಾ ನೀನು?"

"ಇಲ್ಲ ಪದ್ಮಕ್ಕ, ಹಾಸ್ಟೆಲಿನಲ್ಲಿದ್ದೆ."

"ಅಯ್ಯೋ ನಿನ್ ಕೈ ಇಡಿಯೋನ್ ಕತೆ ಏನೋ," ಎಂದು ನನ್ನ ಕೈಯನ್ನು ತಮ್ಮ ಕೈಯೊಳಗಿಟ್ಟುಕೊಂಡು ಬೀಸುವ ಕಲ್ಲಿನಂತೆ ಸುತ್ತ ತಿರುಗಿಸಿದರು. ಹೊರ ಅಂಚಿನಿಂದ ಶುರುವಾಗಿ ಒಳಕ್ಕೆ, ಒತ್ತದೆ, ನಿಲ್ಲಿಸದೆ. ಕೈ ಲಯಕ್ಕೆ ಬಂದದ್ದು ಗೊತ್ತಾದ ಮೇಲೆ ಬಿಟ್ಟರು. ಸೊಸೆಗೆ ಹೇಳಬೇಕಾದ ಉತ್ತರ ಇಷ್ಟೆ.

ಬೂದು ಬಣ್ಣದ ನೀರು ಇಳಿಯಿತು. ಅದರ ಕೆಳಗಿಂದ ಪ್ಲೇಟು ಒಂದೊಂದಾಗಿ ಎದ್ದು ಬಂತು. ಎಂಥ ಕಪ್ಪು ಅದು! ಮಳೆ ನಿಂತ ಮೇಲಿನ ಎಮ್ಮೆಯ ಬೆನ್ನಿನ ಕಪ್ಪು. ಓರೆ ಹಿಡಿದರೆ ಗೆರೆಗಳ ಮೇಲೆ ಬೆಳಕು ಬೀಸಣಿಗೆಯಂತೆ ಬಿಚ್ಚಿಕೊಳ್ಳುತ್ತಿತ್ತು. ನನ್ನ ಹೆಬ್ಬೆರಳು ತನ್ನಷ್ಟಕ್ಕೆ ಮುಂದೆ ಹೋಯಿತು. ಪದ್ಮಕ್ಕ ಅದರ ಮೇಲೆ ಒಂದು ಪೆಟ್ಟು ಕೊಟ್ಟರು.

ಬೇಗ ಒಣಗಲೆಂದು ಬಿಸಿಲಿಗಿಡೋಣ ಎಂದೆ. "ಬ್ಯಾಡಿ ಟೀಚರಮ್ಮ, ಅಪ್ಳದಂಗೆ ಮುದುರ್ಕತ್ತವೆ. ಓಟ್ಲಿನೋರು ಯೋಳವ್ರೆ," ಎಂದ ಧರಣಿ. ಪದ್ಮಕ್ಕ ಅಟ್ಟದಿಂದ ಶ್ಯಾವಿಗೆ ಒಣಗಿಸುವ ಸಣ್ಣ ಬಿದಿರು ಕಡ್ಡಿಗಳನ್ನು ಇಳಿಸಿದರು. ನಡುವಿನ ತೂತಿಗೆ ಪೋಣಿಸಿ, ಎರಡರ ನಡುವೆ ಬಟ್ಟೆಯ ಚೂರು ಸಿಕ್ಕಿಸಿ ಸೂರಿನ ನೆರಳಲ್ಲಿ ತೂಗುಹಾಕಿದೆವು. ದಾರಿಯಲ್ಲಿ ಹೋಗುವ ಯಾರಾದರೂ ಬೇಲಿಯಾಚೆಯಿಂದ ನೋಡಿದ್ದರೆ ಈ ಮನೆಯಲ್ಲಿ ಸೀದ ದೋಸೆ ಒಣಗಿಸುತ್ತಾರೆ ಎಂದುಕೊಳ್ಳುತ್ತಿದ್ದರು.

ನಾಗಸ್ವರದ ಕವರಿನಿಂದ ಕೊನೆಯ ಇರುವೆ ಇಳಿದಾಗ ಮಧ್ಯಾಹ್ನ ಸರಿದಿತ್ತು. ಅದನ್ನು ತೊಳೆಯಲು ಮೂವರೂ ಸೇರಿದೆವು. ಧರಣಿ ಬಟ್ಟಲು ಒತ್ತಿದ್ದ, ನಾನು ಸುತ್ತುತ್ತಿದ್ದೆ, ಪದ್ಮಕ್ಕ ಎಳೆಯಾಗಿ ನೀರು ಬಿಡುತ್ತಿದ್ದರು. ಹಳೆಯ ಅಂಟು ಕವರುಗಳು ಕೆಲಸಕ್ಕೆ ಬಾರವು. ಪುಸ್ತಕಕ್ಕೆ ಹೊದಿಸಲು ಇಟ್ಟಿದ್ದ ಕಂದು ಕಾಗದ ತಂದು ಎಲ್ಲಕ್ಕೂ ಹೊಸ ಕವರು ಮಡಿಚಿದೆ. ಅದೊಂದರಲ್ಲಿ ಮಾತ್ರ ಆ ದಿನ ಯಾರೂ ನನ್ನನ್ನು ತಿದ್ದಲಿಲ್ಲ.

ಹಾಕಿ ನೋಡೋಣವೆಂದರೆ ಗ್ರಾಮಫೋನು ಮನೆಯಲ್ಲಿರಲಿಲ್ಲ. ಸೆಟ್ಟು, ಬ್ಯಾಟರಿ, ಸ್ಪೀಕರು ಎಲ್ಲವೂ ಬೆಳಗಿನ ಗಾಡಿಯಲ್ಲೇ ಆಚೆ ದಡಕ್ಕೆ ಹೋಗಿದ್ದವು. ಅಂಟುವಾಳ ಗೆರೆಯೊಳಗೆ ಉಳಿದಿದೆಯೋ, ತೇವ ಆರಿದೆಯೋ, ದನಿ ಬರುತ್ತದೋ ಇಲ್ಲವೋ, ಗೌಡರ ಮನೆಯ ಜನದ ಮುಂದೆಯೇ ಗೊತ್ತಾಗಬೇಕು. ಧರಣಿ ಪೆಟ್ಟಿಗೆಯನ್ನು ಸೈಕಲ್ಲಿನ ಕ್ಯಾರಿಯರಿಗೆ ಕಂಬಳಿ ಹಾಸಿ ಕಟ್ಟಿದ. ಹತ್ತಲಿಲ್ಲ. ಕೆರೆ ಏರಿಯ ಮೇಲೆ ಉದ್ದಕ್ಕೂ ತಳ್ಳಿಕೊಂಡೇ ನಡೆದ.

"ಬತ್ತೀನಿ ಕಣವ್ವ."

"ಕಲ್ ನೋಡ್ಕಂಡೋಗು," ಎಂದಷ್ಟೇ ಹೇಳಿ ಪದ್ಮಕ್ಕ ಒಳಗೆ ಹೋಗಿ ಒಲೆ ಹಚ್ಚಿದರು.

ಹೊತ್ತಿರುವಾಗಲೇ ಊಟ ಮುಗಿಸಿದೆವು. ಅವರು ಬಡಿಸಿದ್ದು ಸರಿಯಾಗಿತ್ತು, ಉಂಡದ್ದು ಸರಿಯಾಗಿರಲಿಲ್ಲ. ಆಮೇಲೆ ಇಬ್ಬರೂ ಹಿತ್ತಲಿನ ಕಲ್ಲಿನ ಮೇಲೆ ಕೂತೆವು. ಕೆರೆ ತುಂಬ ನೀರಿತ್ತು. ಆಚೆ ದಡದ ಚಪ್ಪರ, ಬಂಡಿಗಳು, ಓಡಾಡುವ ಜನ ಸಣ್ಣದಾಗಿ ಕಾಣುತ್ತಿದ್ದರು. ಸೂರ್ಯ ಇಳಿದ. ಚಪ್ಪರದಲ್ಲಿ ದೀಪ ಹಚ್ಚಿದರು.

ಮೊದಲು ಯಾರೋ ಉಸಿರು ಊದಿದ ಸದ್ದು. ಆಮೇಲೆ ಧರಣಿಯ "ಅಲೋ, ಅಲೋ". ಆಮೇಲೆ ಏನೂ ಇಲ್ಲ. ಪದ್ಮಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು.

ಆಗ ನೀರಿನ ಮೇಲಿಂದ ನಾಗಸ್ವರ ಬಂತು.

ಹಾಸ್ಟೆಲಿನ ದಿನಗಳಲ್ಲಿ ಆ ಪ್ಲೇಟನ್ನು ನಾನು ಹಾಸನದಲ್ಲಿ ಊರಿಗೆ ಹೋಗುವ ಬಸ್ಸಿಗೆ ಕಾಯುತ್ತ ಎಷ್ಟೋ ಬೆಳಗು ಕೇಳಿದ್ದೆ. ಹೋಟೆಲಿನೊಳಗಿಂದ ಮರಳು ಜರಡಿಯಾಡಿದ ಸದ್ದಿನ ನಡುವೆ ಎಲ್ಲೋ ನಾಗಸ್ವರ ಇದೆ ಎಂದು ಊಹಿಸಿಕೊಳ್ಳಬೇಕಿತ್ತು. ಈಗ ಊಹಿಸಬೇಕಾದ್ದು ಏನೂ ಇರಲಿಲ್ಲ. ಒಂದು ಎಳೆ ಮುಗಿದು ಇನ್ನೊಂದು ಹಿಡಿಯುವ ಮೊದಲು ನುಡಿಸುವವರು ಉಸಿರು ಎಳೆದುಕೊಂಡದ್ದೂ ಕೇಳಿಸಿತು. ಎಷ್ಟು ವರ್ಷ ಸಕ್ಕರೆಯ ಕೆಳಗೆ ಹೂತು ಹೋಗಿದ್ದ ಉಸಿರು! ಸಂಗೀತ ನನಗೆ ತಿಳಿಯದು. ಆದರೆ ಶುಚಿ ಎಂದರೆ ಹೊಳಪು ಎಂದುಕೊಂಡಿದ್ದವಳಿಗೆ ಅದು ಕಿವಿಗೂ ಕೇಳಿಸುತ್ತದೆ ಎಂದು ಅವತ್ತು ತಿಳಿಯಿತು.

ಪ್ಲೇಟು ಮುಗಿಯಿತು. ಆಚೆ ದಡ ಸುಮ್ಮನಾಯಿತು. ಇನ್ನು ಸಿನಿಮಾದ್ದು ಬರಬೇಕು. ಬರಲಿಲ್ಲ.

"ಯಾಕ್ ನಿಲ್ಸುದ್ರು?" ಎಂದರು ಪದ್ಮಕ್ಕ ಸಣ್ಣ ದನಿಯಲ್ಲಿ. "ಗೌಡ್ರೇನಾದ್ರೂ..."

ಅಷ್ಟರಲ್ಲಿ ಮತ್ತೆ ಶುರುವಾಯಿತು. ಅದೇ ನಾಗಸ್ವರ, ಮೊದಲಿನಿಂದ. ಜೊತೆಗೆ ಮೈಕಿನ ಹತ್ತಿರವೇ ನಿಂತಿದ್ದ ಗೌಡರ ಗಂಟಲೂ ಕೆರೆ ದಾಟಿ ಬಂತು: "ಇನ್ನೊಂದ್ಕಿತ ಆಕ್ಲಾ ಧರಣಿ! ಬೀಗ್ರು ಕೇಳ್ಲಿ!"

ಪದ್ಮಕ್ಕ ಬೆರಳಿಗೆ ಸುತ್ತಿದ್ದ ಸೆರಗು ಬಿಡಿಸಿಕೊಂಡರು. ಪ್ಲೇಟು ಪೂರ್ತಿ ಮುಗಿಯುವ ತನಕ ಕೂತಿದ್ದು ಎದ್ದರು. "ಬಾರಮ್ಮ ಟೀಚರು, ಒಂಚೂರು ಕೈ ಆಕು," ಎಂದು ಒಳಗೆ ನಡೆದರು.

ನಡುಮನೆಯ ಬಾಗಿಲ ಹಿಂದೆ ಧರಣಿಯ ಹಾಸಿಗೆ ಸುರುಳಿ ಸುತ್ತಿ, ಹಗ್ಗ ಬಿಗಿದು, ಅರಕಲಗೂಡಿನ ಬಸ್ಸಿಗೆ ಹಾಕಲು ಸಿದ್ಧವಾಗಿ ನಿಂತಿತ್ತು. ಯಾವಾಗ ಕಟ್ಟಿಟ್ಟಿದ್ದರೋ, ಅವನಿಗೂ ನನಗೂ ಗೊತ್ತಿರಲಿಲ್ಲ. ಗಂಟು ಬಹಳ ಗಟ್ಟಿ ಬಿದ್ದಿತ್ತು. ಅವರ ಕೈಗೆ ಬರಲಿಲ್ಲ, ನಾನು ಉಗುರು ಹಾಕಿ ಬಿಡಿಸಿದೆ. ಒಳಗಿದ್ದ ಅಂಗಿಗಳನ್ನು ಪದ್ಮಕ್ಕ ಒಂದೊಂದಾಗಿ ಕೊಡವಿ ಗೂಟಕ್ಕೆ ಹಾಕಿದರು. ಹಾಸಿಗೆಯನ್ನು ಅವನ ಜಾಗದಲ್ಲಿ ಬಿಚ್ಚಿ ಹಾಸಿ, ಸುಕ್ಕು ಎಳೆದು, ತಲೆದಿಂಬು ಇಟ್ಟರು. ಅವನು ಆ ರಾತ್ರಿ ಮದುವೆ ಮನೆಯಲ್ಲೇ ಮಲಗುವವನು. ನಾನು ಹಗ್ಗ ಸುತ್ತಿ ಮೊಳೆಗೆ ತೂಗುಹಾಕಿದೆ.